ಹೂಂಗುಟ್ಟುವ ಕೆಲಸ

ಅಜ್ಜಿಯ ಕಥೆಗೆ ಹೂಂಗುಟ್ಟುವವರು ಬೇಕು. ಒಂದು ಮಾತು ಹೇಳಿ ನಿಲ್ಲುತ್ತಾಳೆ. ನಾವು 'ಹ್ಞೂಂ' ಅನ್ನಬೇಕು, ಆಮೇಲಷ್ಟೇ ಮುಂದಿನದು. ಅನ್ನದಿದ್ದರೆ ಕಥೆಯೊಳಗಿನವರು ನಿಂತಲ್ಲೇ ನಿಂತಿರುತ್ತಾರಂತೆ. ನಾನು ಚಿಕ್ಕವಳಿದ್ದಾಗ ಕಥೆಯ ನಡುವೆ ನಿದ್ದೆಹೋಗಿ, ಬೆಳಿಗ್ಗೆ ಎದ್ದವಳೇ, ಪಾಪ ರಾಜಕುಮಾರಿ ಇನ್ನೂ ಮರದ ಮೇಲೇ ಇದ್ದಾಳೆಂದು ಅತ್ತದ್ದುಂಟು.

ಅಜ್ಜಿಯ ಹೆಸರು ಸೀತಾ. ತವರು ಶ್ರೀರಂಗಪಟ್ಟಣ. ಕಾವೇರಿ ಆ ಊರನ್ನು ಮಗುವಿನ ಹಾಗೆ ಕಂಕುಳಲ್ಲಿ ಎತ್ತಿಕೊಂಡಿದ್ದಾಳೆ ಎಂದೇ ಅವಳು ಹೇಳುವುದು. ತಾತನ ಕಾರ್ಖಾನೆ ಕೆಲಸಕ್ಕಾಗಿ ಭದ್ರಾವತಿಗೆ ಬಂದವಳು, ತವರಿನಲ್ಲಿದ್ದ ಅಣ್ಣ ತೀರಿಕೊಂಡ ಮೇಲೆ ಅತ್ತ ಹೋಗಲೇ ಇಲ್ಲ. ಈಗ ಕಣ್ಣಿಗೆ ನೆರಳಷ್ಟೇ ಕಾಣುತ್ತದೆ. "ಕೆಲಸ ಸಿಗ್ಲಿ ಅಜ್ಜಿ, ನಾನೇ ಕರ್ಕೊಂಡು ಹೋಗ್ತೀನಿ" ಎಂದು ಮಾತು ಕೊಟ್ಟಿದ್ದೆ.

ಕೆಲಸ ಸಿಕ್ಕಿತು. ಶಿವಮೊಗ್ಗದಲ್ಲೇ, ರವೀಂದ್ರನಗರದ ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಹಳೆಯ ಊರುಗಳನ್ನು ನೋಡಲು ಹೋದವರು ಫೋನಿನಲ್ಲಿ ಕೇಳಿಕೊಂಡು ತಿರುಗಾಡಲೆಂದು ಕನ್ನಡದಲ್ಲಿ ವಿವರಣೆ ಬರೆದು ರೆಕಾರ್ಡ್ ಮಾಡುವ ಸಣ್ಣ ಆಫೀಸು. ಅದನ್ನು ನಡೆಸುವವರು ಮೊಹ್ಸಿನ್.

"ಮೊದಲನೇದು ಶ್ರೀರಂಗಪಟ್ಟಣ. ಗುರುವಾರ ನನ್ನ ಕಾರಲ್ಲೇ ಹೋಗೋಣ. ಹಿಂದಿನ ಸೀಟು ಖಾಲಿ ಇದೆ, ಮನೇವ್ರು ಯಾರಾದ್ರೂ ಬರೋದಿದ್ರೆ ಬರ್ಲಿ" ಎಂದರು.

"ಯಾರೂ ಇಲ್ಲ ಸರ್" ಎಂದುಬಿಟ್ಟೆ.

ಅಜ್ಜಿ ಬಂದರೆ ದಾರಿಯುದ್ದಕ್ಕೂ ಗಾಡಿ ನಿಲ್ಲಿಸಬೇಕು. ವಾಂತಿ ಬಾರದಿರಲೆಂದು ನಿಂಬೆಹಣ್ಣು ಮೂಸುತ್ತಾ, ಮೊಹ್ಸಿನ್ ಅವರಿಗೆ ಮದುವೆಯಾಗಿದೆಯೇ, ಮಕ್ಕಳೆಷ್ಟು ಎಂದು ವಿಚಾರಿಸುತ್ತಾಳೆ. ಹೊಸ ಕೆಲಸದಲ್ಲಿ ಅದೆಲ್ಲ ಬೇಡವೆನ್ನಿಸಿತ್ತು.

ಗುರುವಾರ ಆ ಊರೊಳಗೆ ಕಾಲಿಟ್ಟಾಗ ಅಜ್ಜಿಯ ಕಥೆಯೊಳಗೇ ನಡೆದು ಹೋದಂತಿತ್ತು. ಕೋಟೆಯ ದಪ್ಪ ಕಲ್ಲುಗಳು, ರಂಗನಾಥನ ಗುಡಿಯ ತಣ್ಣನೆಯ ಕತ್ತಲು, ಎಲ್ಲವೂ ಮೊದಲೇ ಪರಿಚಯವಿದ್ದವರಂತೆ ನನ್ನನ್ನು ನೋಡಿದವು. ಕೊನೆಗೆ ಸ್ನಾನಘಟ್ಟ. ಅಜ್ಜಿಯ ತವರಿನವರದ್ದು ಒಂದು ಪದ್ಧತಿ: ಆ ನೀರಿಗೆ ಕಾಲಿಟ್ಟವರು, ಬರಲಾಗದೆ ಮನೆಯಲ್ಲಿ ಉಳಿದವರ ಹೆಸರು ಹಿಡಿದು "ನೀನೂ ಬಾ" ಎಂದು ಗಟ್ಟಿಯಾಗಿ ಕರೆಯಬೇಕು.

ನಾನು ನೀರಿಗೆ ಕಾಲಿಟ್ಟೆ.

"ಶ್ರೀಗೌರಿ, ಹೊಳೆ ಸದ್ದು ಹಿಡೀತಿದೀನಿ" ಎಂದರು ಮೊಹ್ಸಿನ್, ಮೈಕ್ ಚಾಚಿಕೊಂಡು. "ಉಸಿರೂ ಬಿಡ್ಬೇಡಿ."

ಬಿಡಲಿಲ್ಲ. ಕಾಲು ಒರೆಸಿಕೊಂಡು ಕಾರು ಹತ್ತಿದೆ.

ವಾಪಸು ಬರುವಾಗ ಅವರು, "ಆ ಊರಿಂದು ಒಂದು ಅಜ್ಜಿ ಕಥೆ ಸಿಕ್ಕಿದ್ರೆ ಮಜಾ ಬರುತ್ತೆ. ಹೇಳೋರ ಧ್ವನಿ ಮಾತ್ರ ಇರ್ಬೇಕು, ನಡುವೆ ಇನ್ನೊಬ್ರ ಸದ್ದು ಬರ್ಬಾರ್ದು" ಎಂದರು.

ಭಾನುವಾರ ಭದ್ರಾವತಿಗೆ ಹೋಗಿ, ಊಟವಾದ ಮೇಲೆ ಅಜ್ಜಿಯ ಚಾಪೆಯ ಮೇಲೆ ರೆಕಾರ್ಡ್ ಒತ್ತಿ ಫೋನಿಟ್ಟು, ಪಕ್ಕದಲ್ಲಿ ಅಡ್ಡಾದೆ. ಫೋನು ಅವಳಿಗೆ ಕಾಣಲಿಲ್ಲ, ನಾನೂ ಹೇಳಲಿಲ್ಲ.

"ಹರಿಗೋಲಿನ ತಿಮ್ಮಕ್ಕನ ಕಥೆ ಹೇಳಜ್ಜಿ."

"ಏನೇ, ನನ್ನನ್ನ ಕರ್ಕೊಂಡು ಹೋಗೋ ದಿನ ಹತ್ರ ಬಂತೇನು?"

"ಹ್ಞೂಂ" ಎಂದೆ. ಆ ಮಧ್ಯಾಹ್ನ ನಾನು ಅಂದದ್ದು ಅದೊಂದೇ ಹ್ಞೂಂ.

"ಗುಡಿ ಕಟ್ಟೋ ಕಾಲ. ಕಲ್ಲುಕುಟಿಗರೆಲ್ಲ ಆಚೆ ದಡದಲ್ಲಿ ನಿಂತಿದ್ರು." ಅಜ್ಜಿ ಕಾದಳು. ನಾನು ತುಟಿ ಕಚ್ಚಿಕೊಂಡೆ. "ತಿಮ್ಮಕ್ಕ ಒಬ್ಬಳೇ ಹರಿಗೋಲಲ್ಲಿ ಎಲ್ರನ್ನೂ ದಾಟಿಸಿದ್ಲು." ಮತ್ತೆ ಕಾದಳು. "ಗೌರೀ?"

ಫೋನಿನ ಮೇಲೆ ಕೆಂಪು ಚುಕ್ಕೆ ಮಿನುಗುತ್ತಿತ್ತು.

"ನಿದ್ದೆ ಹೋಯ್ತು ಮಗು. ಹೊಸ ಕೆಲ್ಸ, ದಣಿದಿರುತ್ತೆ" ಎಂದು ತಡಕಾಡಿ ನನ್ನ ಕಾಲು ಹುಡುಕಿ, ತನ್ನ ಶಾಲು ಹೊದಿಸಿದಳು. ನಾನು ಕಣ್ಣು ಮುಚ್ಚಿಕೊಂಡು ಮಲಗಿಯೇ ಇದ್ದೆ.

ಮಾರನೆಯ ದಿನ ಮೊಹ್ಸಿನ್ ಅದನ್ನು ಕೇಳಿ ತಲೆದೂಗಿದರು. "ಅರೆ, ಎಂಥಾ ಧ್ವನಿ! ನಿಲ್ಲಿಸಿಬಿಟ್ರಲ್ಲ. ಪರ್ವಾಗಿಲ್ಲ, ಕೊನೇಲಿ 'ನಿದ್ದೆ ಹೋಯ್ತು' ಅನ್ನೋದನ್ನ ಕತ್ತರಿಸಿ, ಮುಂದಿನದ್ದು ನೀವೇ ಓದಿ ಸೇರಿಸಿ."

ಮುಂದಿನದ್ದು ನನಗೆ ಬಾಯಿಪಾಠ. ದಾಟಿದವರು ಯಾರೂ ಹಿಂದಿರುಗಿ ನೋಡಲಿಲ್ಲ, 'ತಿಮ್ಮಕ್ಕಾ, ನೀನೂ ಬಾ' ಅನ್ನಲಿಲ್ಲ. ಅವಳಿನ್ನೂ ನಡುಹೊಳೆಯಲ್ಲಿ ಸುತ್ತುತ್ತಾ ಕಾಯುತ್ತಿದ್ದಾಳೆ. ಮೈಕ್ ಮುಂದೆ ಕೂತೆ. 'ನೀನೂ ಬಾ' ಅನ್ನುವಲ್ಲಿ ನಿಲ್ಲಿಸಿಬಿಟ್ಟೆ. ಮತ್ತೆ ಓದಿದೆ, ಮತ್ತೆ ಅಲ್ಲೇ.

"ಇದು ಬೇಡ ಸರ್, ಅಳಿಸಿಬಿಡಿ. ಬೇರೆ ಕಥೆ ಹುಡುಕ್ತೀನಿ."

"ಮೊದಲನೇ ಕೆಲಸಾನೇ ಅಳಿಸು ಅಂತೀರಲ್ರೀ!" ಅವರು ಮುಖ ಗಂಟಿಕ್ಕಿದರು. ನಾನು ಭದ್ರಾವತಿಗೆ ಸಂಜೆಯ ಬಸ್ಸು ಹಿಡಿದೆ.

ಅಜ್ಜಿ ಬಾಗಿಲಲ್ಲೇ ಕೂತಿದ್ದಳು. "ನಿದ್ದೆ ಮುಗೀತೇನೆ ಮಾರಾಯ್ತಿ?"

"ನಾನು ನಿದ್ದೆ ಹೋಗಿರ್ಲಿಲ್ಲ ಅಜ್ಜಿ."

"ಗೊತ್ತು. ನೀನು ನಿದ್ದೆ ಹೋದ್ರೆ ಗೊರಕೆ ಬೀದಿಗೆಲ್ಲ ಕೇಳುತ್ತೆ." ನಗಲಿಲ್ಲ ಅವಳು. "ಸ್ನಾನಘಟ್ಟದ ಮೆಟ್ಟಿಲು ಕಾಣ್ತಿತ್ತಾ, ನೀರೊಳಗಿತ್ತಾ?"

"ಯಾರು ಹೇಳಿದ್ರು ಅಜ್ಜಿ?" ಎಂದೆ.

"ಬಾಯಿಪಾಠ ಆಗಿರೋ ಆ ಊರಿನ ಕಥೇನ ಯಾರಾದ್ರೂ ಬಸ್ಸು ಹತ್ಕೊಂಡು ಬಂದು ಕೇಳ್ತಾರಾ, ಕೇಳಿ ನಿದ್ದೆ ಬಂದ ಹಾಗೆ ನಟಿಸ್ತಾರಾ? ಹೋಗಿಬಂದಿದೀಯ ನೀನು."

"ಬರೋ ವಾರ ಹೋಗೋಣ ಅಜ್ಜಿ. ಇಬ್ರೇ."

"ಅದು ಆಮೇಲೆ. ಈಗ ಕೂತ್ಕೊ. ನೀನು ಹೇಳು, ನಾನು ಹೂಂಗುಟ್ತೀನಿ."

ಹೇಳಿದೆ. ಸೇತುವೆ ದಾಟಿದ್ದು. ಹ್ಞೂಂ. ಕೋಟೆಯ ಕಲ್ಲು ಬಿಸಿಲಿಗೆ ಸುಡುತ್ತಿದ್ದದ್ದು. ಹ್ಞೂಂ. ಮಲಗಿದ ರಂಗನಾಥನ ಪಾದ. ಹ್ಞೂಂ. ಮೇಲಿನ ಮೆಟ್ಟಿಲು ಒಣಗಿತ್ತು, ಕೆಳಗಿನದು ನೀರೊಳಗಿತ್ತು, ನಾನು ಕಾಲಿಟ್ಟೆ.

"ಹ್ಞೂಂ" ಎಂದಳು. ಕತ್ತು ನನ್ನ ಕಡೆಗೆ ಚಾಚಿತ್ತು.

ಕರೆದೆ ಎಂದುಬಿಡಬಹುದಿತ್ತು. ಅವಳು ಕಾಯುತ್ತಿದ್ದಳು.

"ಕರೀಲಿಲ್ಲ ಅಜ್ಜಿ."

ಪಕ್ಕದ ಮನೆಯ ಕುಕ್ಕರ್ ಕೂಗಿ ಸುಮ್ಮನಾಯಿತು. ಅಜ್ಜಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. ಆ ಹೊಳೆಯ ನೀರು ಇನ್ನೂ ನನ್ನ ಕಾಲಿಗೆ ತಣ್ಣಗೆ ತಾಗುತ್ತಿದ್ದಂತಿತ್ತು. ಕಥೆಯೊಳಗೆ ನಾನು ನಿಂತಲ್ಲೇ ನಿಂತಿದ್ದೆ.

ಬಹಳ ಹೊತ್ತಿನ ಮೇಲೆ, ಸಣ್ಣ ದನಿಯಲ್ಲಿ ಅಂದಳು: "ಹ್ಞೂಂ."