ಎಸ್.ಪಿ. ಸಾಹೇಬರು ಬರೆಸಿದ ವಾಕ್ಯ

2020ರ ಮಾರ್ಚಿನಲ್ಲಿ ವಿಮಾನಗಳು ನಿಂತಾಗ ವೀರಣ್ಣ ಡಚ್ಚರ ನಾಡಿನ ಆಲ್ಮೆರೆ ಊರಲ್ಲಿದ್ದ ಮಗಳ ಮನೆಯಲ್ಲಿ ಸಿಕ್ಕಿಹಾಕಿಕೊಂಡರು. ಹೆಂಡತಿ ಶಿವಗಂಗವ್ವನನ್ನು ಕರೆದುಕೊಂಡು ಎರಡು ತಿಂಗಳಿಗೆಂದು ಬಂದವರು. ಮಗಳು ದೀಕ್ಷಾ ಜೈಡಾಸ್ ಎಂಬ ಕಚೇರಿಗಳ ಬಡಾವಣೆಯ ಬ್ಯಾಂಕೊಂದರಲ್ಲಿ ಎಂಜಿನಿಯರ್. ಈಗ ಊಟದ ಮೇಜೇ ಅವಳ ಆಫೀಸು.

ಅದೇ ಮೇಜಿನ ಇನ್ನೊಂದು ತುದಿಯಲ್ಲಿ ವೀರಣ್ಣ ನೋಟ್‌ಬುಕ್ ಬಿಚ್ಚಿಕೊಂಡು ಕೂರುತ್ತಿದ್ದರು. ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯಾಗಿ ನಿವೃತ್ತರಾದ ಅವರು, ಆ ಹುದ್ದೆ ಹುಟ್ಟಿ ಬಂದ ಬಗೆಯನ್ನು ಪೊಲೀಸ್ ತರಬೇತಿ ಶಾಲೆಗಾಗಿ ಬರೆಯುತ್ತಿದ್ದರು. 1839ರ ಕಾನೂನಿನ ಮೇರೆಗೆ ಇಂಗ್ಲೆಂಡಿನ ಕೌಂಟಿ ಎಂಬ ಜಿಲ್ಲೆಗಳಿಗೆ ಚೀಫ್ ಕಾನ್‌ಸ್ಟೇಬಲ್ ಎಂಬ ಪೊಲೀಸ್ ಮುಖ್ಯಸ್ಥರು ಬಂದದ್ದು, ಸೈನ್ಯ ಬಿಟ್ಟ ಕ್ಯಾಪ್ಟನ್ನುಗಳೇ ಬಹಳ ಕಡೆ ಆ ಕುರ್ಚಿ ಹಿಡಿದದ್ದು, ಪೇದೆಯನ್ನು ಸೇರಿಸಿಕೊಳ್ಳುವುದೂ ಕಿತ್ತುಹಾಕುವುದೂ ಅವರ ಕೈಯಲ್ಲೇ ಇದ್ದದ್ದು. 'ನಮ್ಮ ಎಸ್.ಪಿ. ಇವರ ದಾಯಾದಿ' ಎಂದು ಬರೆದ ದಿನ ಅವರಿಗೆ ಖುಷಿಯಾಗಿತ್ತು.

ಏಪ್ರಿಲ್‌ನ ಒಂದು ಬೆಳಿಗ್ಗೆ ನರಹರಿಯ ಫೋನ್ ಬಂತು. ವೀರಣ್ಣ ಎಂದಿನಂತೆ ಸ್ಪೀಕರ್ ಒತ್ತಿದರು. ಹಿಂದೆ ವೀರಣ್ಣನವರ ಕೈಕೆಳಗೆ ಕೆಲಸ ಕಲಿತವನು, ಈಗ ಅದೇ ಜಿಲ್ಲೆಗೆ ಎಸ್.ಪಿ.

"ಸರ್, ಒಂದು ಎಡವಟ್ಟಾಗಿದೆ. ಚೆಕ್‌ಪೋಸ್ಟಲ್ಲಿ ಗುಂಡಪ್ಪ ಅಂತ ಹಾಲಿನವನಿಗೆ ನಮ್ಮವರು ಹೊಡೆದಿದ್ದಾರೆ. ಆಸ್ಪತ್ರೇಲಿ ಹೋಗ್ಬಿಟ್ಟ."

"ಪಾಸ್ ಇರಲಿಲ್ಲೇನು?"

"ಇತ್ತು ಸರ್. ಕೈಯಲ್ಲೇ ಹಿಡ್ಕೊಂಡಿದ್ದ." ನರಹರಿ ಮುಂದುವರಿಸಿದ. "ತೊಂಬತ್ತೆಂಟರಲ್ಲಿ ಠಾಣೇಲಿ ಸತ್ತನಲ್ಲ, ಫಕೀರಪ್ಪ. ಆ ವರದೀಲಿ ನೀವು ಬರೆಸಿದ ವಾಕ್ಯ ಹೇಗಿತ್ತು ಸರ್?"

ವೀರಣ್ಣ ಯೋಚಿಸಲೂ ಇಲ್ಲ. "ಬರ್ಕೊ. ಪೊಲೀಸರನ್ನು ಕಂಡು ಗಾಬರಿಯಿಂದ ಓಡುವಾಗ ಜಾರಿಬಿದ್ದು ತಲೆಗೆ ಪೆಟ್ಟಾಗಿ, ಮೊದಲಿನಿಂದಲೂ ಇದ್ದ ಹೃದ್ರೋಗ ಉಲ್ಬಣಿಸಿ ಮೃತಪಟ್ಟಿರುತ್ತಾನೆ. 'ಮೊದಲಿನಿಂದಲೂ ಇದ್ದ' ಅನ್ನೋದು ಬಿಡಬ್ಯಾಡ. ಹೆಣ ಲಗೂನ ಸುಡಸು. ಈಗಂತೂ ರೋಗದ ನೆಪ ಐತಿ."

ಫೋನ್ ಇಟ್ಟು ನೋಡಿದರೆ ದೀಕ್ಷಾ ಹೆಡ್‌ಫೋನ್ ತೆಗೆದಿದ್ದಳು.

"ಅಪ್ಪಾ, ಫಕೀರಪ್ಪ ಅಂದ್ರ ಯಾರು?"

"ಹಳೇ ಕೇಸು. ನಿನಗ್ಯಾಕ?"

ರೊಟ್ಟಿ ಹಿಟ್ಟು ನಾದುತ್ತಿದ್ದ ಶಿವಗಂಗವ್ವ ಅಡುಗೆಮನೆಯಿಂದಲೇ ಮಾತಾಡಿದಳು. "ನಮ್ಮ ಬಂಗಲೆ ಗೇಟಿನ ಮುಂದ ಮೂರು ದಿನ ಒಬ್ಬಾಕಿ ಕುಂತಿದ್ದಳಲ್ಲ, ನೀ ಸಾಲಿಗೆ ಹೋಗುವಾಗ ಕೈ ಬೀಸ್ತಿದ್ದಿ. ಆಕಿ ಗಂಡ." ಇಪ್ಪತ್ತೆರಡು ವರ್ಷ ಅವಳು ಆ ಮಾತು ಆಡಿರಲಿಲ್ಲ.

"ಕೆಲಸ ಕೇಳಾಕ ಬಂದಾಳ ಅಂತ ಹೇಳಿದ್ರಿ ನನಗ," ಎಂದಳು ದೀಕ್ಷಾ ಅಪ್ಪನ ಕಡೆ ತಿರುಗಿ. "ಮೂರನೇ ದಿನ ಆಕಿನ್ನ ಯಾರು ಎಬ್ಬಿಸಿದ್ರು?"

"ಪೇದೆಗಳು."

"ಅವರಿಗೆ ಯಾರು ಹೇಳಿದ್ರು?"

ವೀರಣ್ಣ ಎದ್ದು ಹೊರಗೆ ಹೋಗಿ ಕಾಲುವೆಯ ದಂಡೆಯಲ್ಲಿ ಬಹಳ ಹೊತ್ತು ನಡೆದರು. ಬೆಂಚಿನ ಮೇಲೆ ಒತ್ತಾಗಿ ಕೂತ ಮೂವರ ಹತ್ತಿರ ಸೈಕಲ್ಲಿನ ಪೊಲೀಸರಿಬ್ಬರು ನಿಂತು, ಏನೋ ಹೇಳಿ, ಮುಂದೆ ಹೋದರು. ಮೂವರೂ ದೂರ ದೂರ ಸರಿದು ಕೂತರು. ಅದನ್ನು ನೋಡುತ್ತ ಅವರಿಗೆ ಪಾಸು ಹಿಡಿದ ಕೈಯೊಂದು ಕಣ್ಣಿಗೆ ಕಟ್ಟಿತು. ಮುಖ ಮಾತ್ರ ಕಾಣಲಿಲ್ಲ.

ಎರಡು ದಿನ ನೋಟ್‌ಬುಕ್ ಮುಟ್ಟಲಿಲ್ಲ. ಮೂರನೆಯ ದಿನ ನರಹರಿಗೆ ಫೋನ್ ಮಾಡಿ, "ಆ ವಾಕ್ಯ ಬ್ಯಾಡ. ಹೊಡೆದವರ ಮ್ಯಾಲೆ ಎಫ್‌ಐಆರ್ ಮಾಡು," ಎಂದರು.

"ವರದಿ ಹೋಗಾಯ್ತು ಸರ್. ಹೆಣ ಸುಟ್ಟೂ ಆಯ್ತು. ಮನೆಯವರನ್ನ ದೂರದಲ್ಲೇ ನಿಲ್ಲಿಸಿದ್ವಿ."

ಆ ಮಧ್ಯಾಹ್ನ ವೀರಣ್ಣ ಹೇಳುತ್ತ ಹೋದರು, ದೀಕ್ಷಾ ಟೈಪ್ ಮಾಡಿದಳು. ಸಾವಿನ ವಿಚಾರಣೆ ನಡೆಸುತ್ತಿದ್ದ ಮ್ಯಾಜಿಸ್ಟ್ರೇಟರಿಗೆ ಇಮೇಲ್. ಎರಡೂ ಸಾವುಗಳು, ಎರಡಕ್ಕೂ ಒಂದೇ ವಾಕ್ಯ, ಅದನ್ನು ಬರೆಸಿದವನ ಹೆಸರು.

ವಾರದ ಮೇಲೆ ನರಹರಿಯೇ ಫೋನ್ ಮಾಡಿದ. "ಬೇಜಾರು ಮಾಡ್ಕೋಬೇಡಿ ಸರ್. ನನ್ನ ವಿವರಣೆ ಕೊಟ್ಟಿದೀನಿ. ನಿಮಗೆ ವಯಸ್ಸಾಗಿದೆ, ಪರದೇಶದಲ್ಲಿ ಸಿಕ್ಕಿಹಾಕ್ಕೊಂಡು ಬುದ್ಧಿ ಸ್ತಿಮಿತದಲ್ಲಿಲ್ಲ ಅಂತ."

"ಮೊದಲಿನಿಂದಲೂ ಅಂತ ಸೇರಿಸಿದಿಯೇನು?"

"ಸೇರಿಸಿದೀನಿ ಸರ್," ಎಂದ ನರಹರಿ ಮೆಲ್ಲಗೆ. ತಮಾಷೆ ಇಬ್ಬರ ದನಿಯಲ್ಲೂ ಇರಲಿಲ್ಲ.

ಜೂನ್‌ನಲ್ಲಿ ವೀಡಿಯೊ ಮೂಲಕ ಹೇಳಿಕೆ ಕೊಡಲು ಕರೆ ಬಂತು. ವೀರಣ್ಣ ಕೋಟು ಹಾಕಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತು ಎಲ್ಲವನ್ನೂ ಹೇಳಿದರು. ಮ್ಯಾಜಿಸ್ಟ್ರೇಟರು ದಾಖಲೆ ಕೇಳಿದರು. ತೊಂಬತ್ತೆಂಟರ ಕಡತ ಠಾಣೆಯಲ್ಲಿ ಸಿಗುತ್ತಿಲ್ಲವಂತೆ. ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿ ಎಂದರೆ ಸ್ವಂತ ಮಗಳು. ಕೊನೆಗೆ, ಪರದೆಯಲ್ಲಿ ತಮ್ಮ ಹಿಂದಿನ ಕುರ್ಚಿಯಲ್ಲಿ ಕೂತಿದ್ದ ಗುಂಡಪ್ಪನ ಹೆಂಡತಿ ನೀಲವ್ವನಿಗೆ, ಏನಾದರೂ ಕೇಳುವುದಿದೆಯೇ ಎಂದರು. ಅವಳು ಬಾಯಿಗೆ ಸೆರಗು ಹಿಡಿದು ಕ್ಯಾಮೆರಾದ ಹತ್ತಿರ ಬಂದಳು.

"ನೀವು ಅಲ್ಲಿದ್ರೇನ್ರಿ ಸಾಹೇಬ್ರ?"

"ಇಲ್ಲವ್ವ. ಇಲ್ಲಿಂದ ಫೋನಿನ್ಯಾಗ ಹೇಳಿದೆ."

"ಅಷ್ಟು ದೂರದಿಂದ ಹೇಳಿದ್ರ ಆಗತೈತೇನ್ರಿ?"

"ಆಗತೈತವ್ವ," ಎಂದರು ವೀರಣ್ಣ. ನೀಲವ್ವ ಹೋಗಿ ತನ್ನ ಕುರ್ಚಿಯಲ್ಲಿ ಕೂತಳು.

ಆಗಸ್ಟ್‌ನಲ್ಲಿ ಆದೇಶ ಬಂತು. ಜಾರಿಬಿದ್ದು ಸಾವು. ಇಬ್ಬರು ಪೇದೆಗಳಿಗೆ ಬೇರೆ ಠಾಣೆಗೆ ವರ್ಗ. ವೀರಣ್ಣ ಓದಿ ಲ್ಯಾಪ್‌ಟಾಪನ್ನು ಮಗಳ ಕಡೆ ತಿರುಗಿಸಿದರು. ಅವಳೂ ಓದಿದಳು. ಶಿವಗಂಗವ್ವ ಎರಡು ಸಲ ಊಟಕ್ಕೆ ಕರೆದಳು; ಇಬ್ಬರೂ ಕೂತಲ್ಲಿಂದ ಏಳಲಿಲ್ಲ.