ಉಜ್ಜಪ್ಪನ ಜಗಲಿ

ಮೆಟ್ಟಿಲ ಕಂಬಗಳಿಗೆ ಅಡ್ಡ ಹಗ್ಗ ಬಿಗಿಯುತ್ತ ಭಾವ, ಜಗಲಿ ಹತ್ತಬೇಡಿ, ಹಿತ್ತಲಿಂದ ಬನ್ನಿ ಎಂದು ಬಂದಬಂದವರನ್ನೆಲ್ಲ ಅಟ್ಟುತ್ತಿದ್ದ. ಒಳಗೆ ತಮ್ಮನ ಹೆಣ ಮಲಗಿದೆ, ಈ ಮಹಾನುಭಾವನಿಗೆ ಜಗಲಿಯ ಮರದ ಹಲಗೆಯ ಚಿಂತೆ! ಕಿಟಕಿಯಲ್ಲಿ ನಿಂತು ನೋಡುತ್ತಿದ್ದ ಸತ್ತವನ ಹೆಂಡತಿಗೆ ಮೈಯೆಲ್ಲ ಉರಿಯಿತು.

ಭಾವ ಬಡಗಿ. ಅವನು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಹಳೇ ಬಣ್ಣ ಕೆರೆದು, ತೊಳೆದು ಒಣಗಿಸಿ, ಉಪ್ಪುಕಾಗದದಲ್ಲಿ ಉಜ್ಜಿದ ಮರ ಬಿದ್ದ ಕಲೆಯನ್ನೆಲ್ಲ ಹೀರಿಕೊಳ್ಳುತ್ತದೆ. ಅದರ ಮೇಲೆ ಮರದ ಗೆರೆ ಕಾಣುವಂಥ ತೆಳು ಬಣ್ಣದೆಣ್ಣೆ ಹಚ್ಚಿದರಂತೂ ಮುಗಿಯಿತು, ಆ ಕಲೆ ಯಾವ ಕಾಲಕ್ಕೂ ಹೋಗುವುದಿಲ್ಲ. ಅದಕ್ಕೇ ತಮ್ಮನನ್ನೂ ಹಿಂಬಾಗಿಲಿಂದಲೇ ಸಾಗಿಸುವುದೆಂದು ಅವನು ತೀರ್ಮಾನಿಸಿಬಿಟ್ಟಿದ್ದ.

*

ತಮ್ಮ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ. ಅವನಿಗೆ ಬೀದಿಯವರು ಇಟ್ಟ ಹೆಸರು ಉಜ್ಜಪ್ಪ. ವರ್ಷಾವರ್ಷ ರಜೆ ಹಾಕಿ ಜಗಲಿ ಉಜ್ಜುತ್ತಿದ್ದ. ಅಷ್ಟೂ ದಿನ ಹೆಂಡತಿ ಬಚ್ಚಲು ಸುತ್ತಿಕೊಂಡು ಹಿತ್ತಲಿಂದ ಓಡಾಡಬೇಕು. ಬಣ್ಣ ಒಣಗಿದ ಮೇಲಾದರೂ ಸುಖವುಂಟೇ? ಕುರ್ಚಿ ಎಳೆದರೆ ಗೀರು ಬೀಳುತ್ತದೆ ಎಂದು ರಗಳೆ.

ಹೋದ ವಾರ ಎರಡು ಲೋಟ ಚಹಾ ಹಿಡಿದು ಹೊಸ್ತಿಲಲ್ಲೇ ನಿಂತಿದ್ದಳು.

"ಇವತ್ತು ಬೇಡ ಕಣೇ. ಬಣ್ಣ ಹಚ್ಚಿಬಿಡ್ತೀನಿ, ಆಮೇಲೆ ಇಬ್ಬರೂ ಕೂರೋಣ," ಎಂದಿದ್ದ, ತಲೆ ಎತ್ತದೆ.

ಹೋದ ವರ್ಷವೂ ಇದೇ ರಾಗ. ನಿನ್ನೆ ಕೊನೆಯ ಹಲಗೆ ಉಜ್ಜಿ ಮುಗಿಸಿ ಅಲ್ಲೇ ಬೋರಲು ಬಿದ್ದ. ಒಂದು ದಿನವೂ ಜೊತೆಗೆ ಕೂರದೆ ಹೋದನಲ್ಲ ಪಾಪಿ ಎಂದು ಅವಳಿಗೆ ಅಳುವಿಗಿಂತ ಮೊದಲು ಸಿಟ್ಟು ಬಂದಿತ್ತು.

*

ಹೊರುವವರು ಹಿತ್ತಲ ಕೆಸರು ತುಳಿದುಕೊಂಡೇ ಒಳಬಂದರು. ಹೆಣ ಎತ್ತಿಕೊಂಡು ಹೊರಟರೆ ಬಚ್ಚಲ ತಿರುವಿನಲ್ಲಿ ಹಿಡಿಸಲಿಲ್ಲ. ಸ್ವಲ್ಪ ಓರೆ ಮಾಡಿ ಎಂದನೊಬ್ಬ, ಬೀರು ಸಾಗಿಸುವವನ ಹಾಗೆ. ಅವಳು ಅಡುಗೆಮನೆಯ ಚಾಕು ತಂದು, ಮುಂಬಾಗಿಲು ತೆರೆದು ಹೋಗಿ ಹಗ್ಗ ಕೊಯ್ದಳು.

"ನೋಡಮ್ಮ, ಅವನು ಪ್ರಾಣ ಬಿಟ್ಟ ಕೆಲಸ. ಹಾಳಾಗುತ್ತೆ," ಎಂದ ಭಾವ.

"ಆಗಲಿ ಭಾವ. ಇಷ್ಟು ವರ್ಷ ನಾನು ಕಳ್ಳಿ ಥರ ಹಿತ್ತಲಲ್ಲಿ ಓಡಾಡಿದ್ದು ಸಾಕು. ಅವರು ಮುಂಬಾಗಿಲಿಂದಲೇ ಹೋಗ್ತಾರೆ."

ಹೊರುವವರು ಹೆಣವನ್ನು ಮುಂಬಾಗಿಲ ಕಡೆಗೆ ತಿರುಗಿಸಿದರು. ಕೆಸರುಗಾಲಲ್ಲೇ ಜಗಲಿ ದಾಟಿದರು.

ಮಣ್ಣು ಮಾಡಿ ಬಂದದ್ದೇ ತಡ, ಭಾವ ಜಗಲಿಯ ಕೆಸರುಹೆಜ್ಜೆಗಳ ಮುಂದೆ ಮಂಡಿಯೂರಿ ಕೂತು ಉಪ್ಪುಕಾಗದ ಮಡಚಿಕೊಂಡ. ಕಣ್ಣು ಕೆಂಪಾಗಿತ್ತು. ಅವಳು ಬಣ್ಣದೆಣ್ಣೆಯ ಡಬ್ಬಿ ತಂದು ಚಮಚದಿಂದ ಮುಚ್ಚಳ ಮೀಟಿದಳು.

"ಉಜ್ಜಬೇಡಿ," ಎಂದಳು.

ಹೊಸ್ತಿಲಿಂದಲೇ ಶುರುಮಾಡಿದಳು. ಬ್ರಷ್ ಹರಿದಲ್ಲೆಲ್ಲ ಹಲಗೆ ಕಪ್ಪಗಾಗುತ್ತ ಹೋಯಿತು. ಅದರಡಿಯಲ್ಲಿ ಕೆಸರುಹೆಜ್ಜೆಗಳು ಒಂದೊಂದಾಗಿ, ಬಾಗಿಲಿಂದ ಮೆಟ್ಟಿಲ ಕಡೆಗೆ, ಮರಕ್ಕೆ ಕಚ್ಚಿಕೊಂಡವು.