ನಾಲೆ ಕಡೆ ಬಿಡುವ ದಾರಿ

ಗಾಳಿ ಇಲ್ಲ, ಆದರೂ ಕಬ್ಬಿನ ಗರಿ ಅಲುಗಿತು — ಇವರೇ ಇರಬೇಕು, ಕಟಾವು ಮಿಷಿನ್ನು ಕಡಿದು ನಡುವೆ ಉಳಿಸಿದ ಕಬ್ಬಿನೊಳಗೆ ಡ್ರಿಪ್ ಪೈಪು ಎಳೆಯುತ್ತಿದ್ದಾರೆ, ಇನ್ಯಾರಿರುತ್ತಾರೆ ಅಲ್ಲಿ, ಎಂದುಕೊಂಡಳು ಯಶೋಧರಾ, ಬುತ್ತಿ ತಂದವಳು ನಾಲೆ ಏರಿಯ ಮೇಲೇ ನಿಂತು, ಎದೆ ಮಾತ್ರ ಕೇಳುತ್ತಿಲ್ಲ, ಬೆಳಿಗ್ಗೆ ಹುಲ್ಲಿಗೆ ಬಂದಾಗ ಇದೇ ಏರಿಯ ಕೆಸರಿನಲ್ಲಿ ಹೆಜ್ಜೆ, ಅಂಗೈ ಅಗಲ, ನಾಯಿಗಿರುವಂಥ ಉಗುರಿನ ಗುರುತೇ ಇಲ್ಲ, ಪಕ್ಕದಲ್ಲಿ ಪುಟ್ಟ ಪುಟ್ಟವು — ಓಡಿಹೋಗಿ ಹೇಳಿದರೆ ಗಂಡ ರವೀಂದ್ರ ನಕ್ಕುಬಿಟ್ಟ, ನಾಯಿದು ಕಣಮ್ಮಿ ಅದು, ಚಿರ್ತೆ ಗಿರ್ತೆ ಅಂತ ಬಾಯಿ ಬುಟ್ಟೀಯ, ಫಾರೆಸ್ಟ್‌ನವ್ರು ಬಂದು ಕಟಾವು ನಿಲ್ಲುಸ್ತಾರೆ, ಮಿಷಿನ್ನು ವಾಪಸ್ ಓದ್ರೆ ಮತ್ಯಾವಾಗ ಬಂದಾತು? ಅವಳು ಯಾರಿಗೂ ಹೇಳದೆ ಬುತ್ತಿ ಕಟ್ಟಲು ಹೋದಳು. ನಿನ್ನೆಯೇ ಸುತ್ತಿಡಬೇಕಿದ್ದ ಪೈಪು ಇವರಿಗೆ ನೆನಪಾದದ್ದು ಮಿಷಿನ್ನಿನ ಹಲ್ಲಿಗೆ ಸಿಕ್ಕಿಕೊಂಡ ಮೇಲೆ, ಈಗ ಮಿಷಿನ್ನು ನಿಂತಿದೆ, ಡ್ರೈವರು ಮೇಲೆ ಕೂತು ಫೋನು ನೋಡುತ್ತಿದ್ದಾನೆ, ಇವರು ಒಳಗೆ.

ಅತ್ತೆ ದೊಡ್ಡತಾಯಮ್ಮ ಇದ್ದಿದ್ದರೆ ಹೀಗೆ ಕಡಿಯಲು ಬಿಡುತ್ತಿದ್ದಳೇ, ಆಳುಗಳು ಮಚ್ಚು ಹಿಡಿದು ರಸ್ತೆ ಕಡೆಯಿಂದಲೇ ಬರಬೇಕು, ನಾಲೆ ಕಡೆಯ ಅಂಚು ಕೊನೆಗೆ, ಬಾಣಂತಿ ಇದ್ದಾಳು ಕಣ್ರಲಾ ಒಳ್ಗೆ, ಮರಿ ಕಚ್ಕೊಂಡು ಓಗ್ಲಿ, ಅನ್ನುತ್ತಿದ್ದಳು, ಮೊದಲ ಏಟಿಗೆ ಮುಂಚೆ ತಟ್ಟೆ ಬಡಿದು ಕೂಗುತ್ತಿದ್ದಳು, ದಾರಿ ಬುಟ್ಟಿವ್ನಿ, ಓಗವ್ವಾ ಓಗು — ಹೊಸ ಸೊಸೆ ಯಶೋಧರಾಳಿಗೆ ಸೆರಗು ಬಾಯಿಗಿಟ್ಟುಕೊಳ್ಳುವಷ್ಟು ನಗು. ಮಿಷಿನ್ನಿಗೆ ತಿರುಗುವುದು ಕಷ್ಟ, ಅದಕ್ಕೇ ಸುತ್ತು ಹೊಡೆಯುತ್ತ ನಾಲ್ಕೂ ಕಡೆಯಿಂದ ಕಡಿದಿದೆ, ನಡುವೆ ಒಂದು ಮನೆಯಷ್ಟು ಕಬ್ಬು, ಸುತ್ತಲೂ ಬರೀ ಕೂಳೆಯ ಬಯಲು, ಒಳಗಿರುವುದು ಎಲ್ಲಿಗೆ ಹೋಗಬೇಕು?

ಗರಿ ಮತ್ತೆ ಅಲುಗಿತು, ಎಡಕ್ಕೆ, ಪೈಪು ಜಗ್ಗಿದಂತೆಲ್ಲ ಜಗ್ಗಿ ಜಗ್ಗಿ, ಅದು ಇವರೇ, ಸದ್ಯ — ಬಲಕ್ಕೂ ಅಲುಗುತ್ತಿದೆ, ಮೆಲ್ಲಗೆ, ನಿಂತು ನಿಂತು, ಗಾಳಿ ಇಲ್ಲ, ಅಯ್ಯೋ ಗಾಳಿ ಇಲ್ಲ, ಬನ್ರೀ ಈಚೆಗೆ ಅನ್ನಬೇಕು, ಅಷ್ಟರಲ್ಲಿ ಕೈಯೇ ಬುತ್ತಿಯ ತಟ್ಟೆ ಎತ್ತಿಕೊಂಡಿತು, ಸೊಂಟಕ್ಕೆ ಸಿಕ್ಕಿಸಿದ್ದ ಕುಡುಗೋಲಿನಿಂದ ಬಡಿಯಿತು, ಬಾಯಿಂದ ಬಂದದ್ದು ಅತ್ತೆಯ ಕೂಗು, ದಾರಿ ಬುಟ್ಟಿವ್ನಿ, ಓಗವ್ವಾ ಓಗು — ಯಾವ ದಾರಿ, ಎಲ್ಲಿ ಬಿಟ್ಟಿದ್ದಾಳೆ, ಬಯಲಿನಲ್ಲಿ ಮಿಷಿನ್ನು, ಏರಿಯ ಮೇಲೆ ತಾನೇ ತಟ್ಟೆ ಬಡಿಯುತ್ತ ನಿಂತಿದ್ದಾಳೆ. ಗರಿ ಎರಡೂ ಕಡೆ ನಿಂತವು. ಏನಮ್ಮೀ ಅದು, ರವೀಂದ್ರನ ದನಿ, ಎಡಗಡೆಯಿಂದ. ಅವಳು ಬಡಿಯುವುದನ್ನು ನಿಲ್ಲಿಸಿದಳು. ಬಲಗಡೆಯ ಗರಿ ಅಲುಗಿತು — ಎಡಕ್ಕೆ, ಇನ್ನೂ ಎಡಕ್ಕೆ, ಇವರ ದನಿ ಬಂದ ಕಡೆಗೇ, ಗಾಳಿ ಇಲ್ಲ, ಗರಿ.